ಮೌಶಿಯ ಪಟ್ಟಿಯಲ್ಲಿ ನನ್ನ ಹೆಸರಿಲ್ಲ

ಪಾಸ್‌ಪೋರ್ಟ್ ಆಫೀಸಿಗೆ ಹೋಗಿ ಒಂದೇ ದಿನದಲ್ಲಿ ಕೆಲಸ ಮುಗಿಸಿಕೊಂಡು ಬಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನಮ್ಮ ಮೌಶಿಯ ಮನೆಗೆ ಹೋಗಿ, ಮೊದಲನೇ ಸಲಕ್ಕೇ ಒಳಗೆ ಕೂತು, ನೆಮ್ಮದಿಯಾಗಿ ಚಹಾ ಕುಡಿದು ಬಂದವರನ್ನು ಇದುವರೆಗೆ ಕಂಡಿಲ್ಲ! ನಂಬಿಕೆ ಬಾರದಿದ್ದರೆ ಪುಣೆಯ ಕೋಥರೂಡಿಗೆ ಬನ್ನಿ. ನಮ್ಮ ಸೊಸೈಟಿಯ ಎರಡನೇ ಮಹಡಿ ಹತ್ತಿ ಕರೆಗಂಟೆ ಒತ್ತಿ. ಒಳಗಿನಿಂದ ಮೂರು ಪ್ರಶ್ನೆ ಬರುತ್ತವೆ: “ಯಾರು? ಎಲ್ಲಿಂದ? ಏನ್ ಕೆಲಸ?” ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ ಎಂದುಕೊಂಡಿರಾ? ಪಾಪ! ಆಮೇಲೆ ಪಟ್ಟಿ ಇದೆ.

ಮೌಶಿ ಅಂದರೆ ನನ್ನ ಅತ್ತೆಯ ತಂಗಿ. ನಮ್ಮ ತುಮಕೂರಿನ ಕಡೆಯಾಗಿದ್ದರೆ ಚಿಕ್ಕಮ್ಮ ಅನ್ನುತ್ತಿದ್ದೆವು. ವಿಜಯಪುರದಿಂದ ಬಂದ ಈ ಮನೆತನದಲ್ಲಿ ಮೌಶಿ. ಓದಲೆಂದು ಪುಣೆಗೆ ಬಂದವರು ಇಲ್ಲಿಯೇ ನಿಂತುಬಿಟ್ಟರು. ಬೈಯುವುದು ಮರಾಠಿಯಲ್ಲಿ, ಪ್ರೀತಿಯಿಂದ ಬೈಯುವುದು ಕನ್ನಡದಲ್ಲಿ. ಮದುವೆಯಾಗಿಲ್ಲ. ಯಾಕೆ ಆಗಲಿಲ್ಲ ಎಂದು ಧೈರ್ಯ ಮಾಡಿ ಒಮ್ಮೆ ಕೇಳಿದ್ದೆ. “ಯಾರೂ ಮೂರೂ ಪ್ರಶ್ನಿಗೆ ಬರೊಬ್ಬರಿ ಉತ್ತರ ಕೊಡಲಿಲ್ಲವಾ” ಅಂದರು!

ಅವರ ಉದ್ಯೋಗ ಏನೆಂದು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮೌಶಿಗೆ ತಲೆ ಕೆಟ್ಟಿದೆ ಎಂದು ನೀವು ತೀರ್ಮಾನಿಸಿಬಿಡುತ್ತೀರಿ. ಹಿಂಜವಡಿಯ ಒಂದು ಕಂಪನಿಯಲ್ಲಿ ನಲವತ್ತೆರಡು ದೊಡ್ಡ ಯಂತ್ರಗಳಿಗೆ ಅವರೇ ಯಜಮಾನತಿ. ಒಂದೊಂದು ಯಂತ್ರದ ಹೊಟ್ಟೆಯಲ್ಲೂ ಇಪ್ಪತ್ತು, ಮೂವತ್ತು ಕಂಪ್ಯೂಟರುಗಳು ಬಾಡಿಗೆಗಿವೆ. ನಿಜವಾದ ಕಂಪ್ಯೂಟರುಗಳಲ್ಲ, ತಾವು ನಿಜವೆಂದು ಭಾವಿಸಿಕೊಂಡವು. ನನಗೆ ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟಾಗ ಮೌಶಿ ಬಿಡಿಸಿ ಹೇಳಿದ್ದರು: “ಪೇಟ್ಯಾಗ ಹಳೇ ವಾಡೇ ನೋಡಿಯಲ್ಲಾ? ಒಂದ ವಾಡೇದಾಗ ಇಪ್ಪತ್ತು ಬಿಡಾರ. ಪ್ರತಿಯೊಬ್ಬಾಂವಗೂ ವಾಡೇ ಎಲ್ಲಾ ತನ್ನದ ಅನ್ನಸ್ತದ. ಹಂಗ ಇದು.” ಆ ವಾಡೆಯ ದೊಡ್ಡ ಬಾಗಿಲಲ್ಲಿ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡುವ ಕಾವಲಿಗೆ ಫೈರ್‌ವಾಲ್ ಎಂದು ಹೆಸರು. ನಲವತ್ತೆರಡು ಬಾಗಿಲಿಗೂ ಒಬ್ಬರೇ ಹೋಗಿ ನಿಯಮ ಹೇಳಲು ಆಗುತ್ತದೆಯೇ? ಅದಕ್ಕೆ ಮೌಶಿ ಸ್ಕ್ರಿಪ್ಟ್ ಬರೆಯುತ್ತಾರೆ. ಎಲ್ಲ ನಿಯಮವನ್ನೂ ಒಂದೇ ಓಲೆಯಲ್ಲಿ ಬರೆದು, ಗುಂಡಿ ಒತ್ತಿದರೆ ನಲವತ್ತೆರಡು ಕಡೆಗೂ ಒಂದೇ ಏಟಿಗೆ ತಲುಪುತ್ತದೆ. ಮೂವತ್ತು ವರ್ಷದಿಂದ ಇದೇ ಕೆಲಸ. ಮೂವತ್ತು ವರ್ಷ ಬಾಗಿಲು ಕಾದವರಿಗೆ ಮನೆಯ ಬಾಗಿಲು ಮಾತ್ರ ಸಸಾರವಾಗುತ್ತದೆಯೇ?

ಮೌಶಿಯ ಮೂಲಮಂತ್ರ ಒಂದೇ. ಮೊದಲು ಎಲ್ಲರಿಗೂ ಇಲ್ಲ. ಆಮೇಲೆ ಬೇಕಾದವರಿಗಷ್ಟೇ ಹೌದು. ಆ ‘ಬೇಕಾದವರ’ ಪಟ್ಟಿಯೊಂದು ಅವರ ಬಾಗಿಲ ಮೇಲೆ ಅಂಟಿದೆ, ಅದರದೇ ನಕಲು ಗೇಟಿನ ಕಾವಲುಗಾರ ಶರಣಪ್ಪನ ಕೋಣೆಯಲ್ಲಿದೆ. ಬಾಗಿಲ ಮೇಲೆ ಖಾರವಾದ ಸೂಚನೆ ಬರೆದು ಅಂಟಿಸುವುದು ಪುಣೆಯವರಿಗೆ ಹುಟ್ಟಿನಿಂದಲೇ ಬಂದ ಕಲೆ, ಅದೇನೂ ಹೊಸದಲ್ಲ. ಆದರೆ ಅಂಥ ಪುಣೆಯವರೂ ನಿಂತು ಫೋಟೋ ತೆಗೆದುಕೊಂಡು ಹೋಗುವ ಪಟ್ಟಿ ಇದು! ಒಂದು, ಡಾಕ್ಟರು: ಹೌದು. ಎರಡು, ಗ್ಯಾಸಿನವನು: ಹೌದು. ಮೂರು, ಕೈಯಲ್ಲಿ ಚೀಲ ಇದ್ದವರು: ಇಲ್ಲ. ನಾಲ್ಕು, ಅಕ್ಕನ ಮಗ: ಹೌದು. ಹೀಗೆ ಹನ್ನೊಂದರವರೆಗೆ ಸಾಗಿ, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, “ಉಳಿದವರೆಲ್ಲಾ: ಇಲ್ಲ.”

ನಾಲ್ಕನೆಯ ಅಕ್ಕನ ಮಗ ಅಂದರೆ ನನ್ನ ಗಂಡ. ಮದುವೆಯಾಗಿ ಪುಣೆಗೆ ಬಂದ ವಾರವೇ ನನ್ನನ್ನು ಕರೆದುಕೊಂಡು ಮೌಶಿಯ ಆಶೀರ್ವಾದಕ್ಕೆ ಹೊರಟರು. ನಮ್ಮ ಮನೆ ಮೂರನೇ ಮಹಡಿ. ಒಂದು ಮಹಡಿ ಇಳಿದರಾಯಿತು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ನಾನೇ ಗಂಟೆ ಒತ್ತಿದೆ.

“ಯಾರು?”

“ನಾನು, ನಿಮ್ಮ ಹೊಸ ಸೊಸೆ.”

“ಎಲ್ಲಿಂದ?”

“ಮೂರನೇ ಮಹಡಿಯಿಂದ.”

“ಏನ್ ಕೆಲಸ?”

“ಆಶೀರ್ವಾದ.”

ಆಮೇಲೆ ಸದ್ದಿಲ್ಲ. ಎರಡು ನಿಮಿಷ ಕಾದೆ. ಮತ್ತೆ ಒತ್ತಿದೆ. ಸದ್ದಿಲ್ಲ! ಹಿಂದೆ ನಿಂತಿದ್ದ ಗಂಡ ಮುಂದೆ ಬಂದು ತಮ್ಮ ಹೆಸರು ಹೇಳಿದರು. “ನಾಲ್ಕನೇದು. ಬಾ” ಎಂದು ಬಾಗಿಲು ತೆರೆಯಿತು, ಸರಿಯಾಗಿ ಒಬ್ಬರು ತೂರುವಷ್ಟು. ಇವರು ಒಳಗೆ ಹೋದರು. ಬಾಗಿಲು ಮುಚ್ಚಿತು. ನಾನು ರೇಷ್ಮೆ ಸೀರೆಯಲ್ಲಿ ಮೆಟ್ಟಿಲ ಬಳಿ! ಒಳಗಿನ ಮಾತು ಕೇಳುತ್ತಿತ್ತು.

“ಮೌಶಿ, ಆಕಿ ನನ್ನ ಹೇಂತಿ!”

“ಇರಬಹುದಪಾ. ಪಟ್ಟ್ಯಾಗ ಇಲ್ಲಲ್ಲಾ.”

ಕೊನೆಗೆ ಹತ್ತು ನಿಮಿಷದ ತಾತ್ಕಾಲಿಕ ಪರವಾನಗಿ ಕೊಟ್ಟು ನನ್ನನ್ನು ಒಳಗೆ ಕರೆದರು. ‘ಇಲ್ಲ’ ಎಂದಾದರೂ ಹೇಳಬಾರದಿತ್ತೇ, ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. “‘ಇಲ್ಲ’ ಅಂದ್ರ ಒಳಗ ಮಂದಿ ಅದಾರ ಅಂತ ಗೊತ್ತಾಗ್ತದ. ಸುಮ್ನ ಕೂತ್ರ, ಇಲ್ಲಿ ಮನಿ ಅದನೋ ಇಲ್ಲೋ ಅನ್ನೂದ ಅವರಿಗೆ ತಿಳಿಯೂದಿಲ್ಲ” ಅಂದರು.

“ಆದ್ರೆ ಮೌಶಿ, ಒಳಗಿನಿಂದ ನೀವೇ ಮೂರು ಪ್ರಶ್ನೆ ಕೇಳಿದ್ರಲ್ಲಾ!”

ಮೌಶಿ ಒಂದು ಗಳಿಗೆ ಯೋಚಿಸಿದರು. “ಅದು ಒಂದು ಕೊರತಿ ಅದ. ಸರಿ ಮಾಡಬೇಕು” ಅಂದರು. ಎರಡು ವರ್ಷವಾಯಿತು, ಇನ್ನೂ ಸರಿ ಮಾಡಿಲ್ಲ.

ನನಗೆ ನಗು ಬಂತು, ನಿಜ. ಆದರೆ ನನ್ನ ಕಷ್ಟವನ್ನೂ ಸ್ವಲ್ಪ ಕೇಳಿ. ಗಂಡ ಬೆಳಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ. ನನ್ನದು ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಕರಡು ತಿದ್ದುವ ಕೆಲಸ. ದಿನವಿಡೀ ಕಣ್ಣ ಮುಂದೆ ಕನ್ನಡ, ಕಿವಿಗೆ ಮಾತ್ರ ಒಂದು ಪದವೂ ಇಲ್ಲ. ಸೊಸೈಟಿಯಲ್ಲಿ ಎಲ್ಲರೂ ಮರಾಠಿಯವರು. ನನಗೆ ಆಗ ಬರುತ್ತಿದ್ದದ್ದು ‘ಹೋ’ ಮತ್ತು ‘ನಾಹೀ’, ಅಂದರೆ ಹೌದು ಮತ್ತು ಇಲ್ಲ, ಎರಡೇ, ಅದರಲ್ಲೂ ಒಂದರ ಬದಲು ಇನ್ನೊಂದು ಹೇಳಿ ಒಮ್ಮೆ ಮೂರು ಕಿಲೋ ಹಾಗಲಕಾಯಿ ಮನೆಗೆ ತಂದಿದ್ದೆ. ಶರಣಪ್ಪ ಯಾದಗಿರಿ ಕಡೆಯವನು, ಕನ್ನಡ ಬಲ್ಲ; ಆದರೆ ಅವನ ಜೊತೆ ಎಷ್ಟು ಹೊತ್ತು ಗೇಟಿನಲ್ಲಿ ನಿಂತು ಹರಟಲಾದೀತು? ಉಳಿದದ್ದು ಮೌಶಿ. ವಾರದಲ್ಲಿ ಹೆಚ್ಚು ದಿನ ಅವರೂ ಮನೆಯಿಂದಲೇ ಕೆಲಸ ಮಾಡುತ್ತಾರೆ. ಹಾಗಾಗಿ ದಿನಾ ಹನ್ನೊಂದು ಗಂಟೆಗೆ ಏನಾದರೊಂದು ನೆಪ ಹುಡುಕಿ ಹೋಗಿ ಗಂಟೆ ಒತ್ತುತ್ತಿದ್ದೆ. ಮೂರು ಪ್ರಶ್ನೆಗಳಾಗುತ್ತಿದ್ದವು, ಬಾಗಿಲು ತೆರೆಯುತ್ತಿತ್ತು. ಯಾವ ನಿಯಮದ ಪ್ರಕಾರ ತೆರೆಯುತ್ತಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಳಿ, ಅವರಿಗೆ ನೆನಪಾಗಿ, ಮುಚ್ಚಿಬಿಟ್ಟರೆ?

ಆದರೆ ಆಸೆ ಬಿಡುತ್ತದೆಯೇ? ಮೌಶಿ ತಿಂಗಳಿಗೊಮ್ಮೆ ಪಟ್ಟಿಯನ್ನು ಪರಿಷ್ಕರಿಸಿ ಹೊಸದಾಗಿ ಮುದ್ರಿಸಿ ಅಂಟಿಸುತ್ತಾರೆ. ಪ್ರತಿ ಸಲವೂ ನಾನು ಪರೀಕ್ಷೆಯ ಫಲಿತಾಂಶ ನೋಡುವವಳಂತೆ ಮೇಲಿನಿಂದ ಕೆಳಗೆ ಬೆರಳಾಡಿಸುತ್ತಿದ್ದೆ. ಒಂದು ತಿಂಗಳು ಇಸ್ತ್ರಿಯವನು ಸೇರಿದ. ಇನ್ನೊಂದು ತಿಂಗಳು ಎದುರು ಮನೆಯ ಬೆಕ್ಕು ಸೇರಿತು, ಸಮಯಸಹಿತ! ನಾನು ಮಾತ್ರ ಇಲ್ಲ. ಗಂಡನ ಹತ್ತಿರ ಗೊಣಗಿದೆ: “ನಾಲ್ಕನೆಯವನ ಹೆಂಡತಿ ಅಂದ್ರೆ ನಾಲ್ಕೂವರೆ ಅಲ್ವಾ?” ಇವರು ಪೇಪರಿನಿಂದ ತಲೆ ಎತ್ತದೆ, “ಮೌಶಿ ನಿಯಮದಾಗ ಅರ್ಧ ಇರೂದಿಲ್ಲ” ಅಂದರು. ತಾವು ನಾಲ್ಕನೆಯವರೆಂಬ ಗತ್ತು ನೋಡಿ!

ಮೌಶಿಯ ಮನೆಯಲ್ಲಿ ದಿನಾ ಕೂತರೆ ಅಡುಗೆಯೂ ಬದಲಾಗುತ್ತದೆ. ಒಮ್ಮೆ ಗಂಡನಿಗೆ “ಬೇಳೆಗೆ ಉಪ್ಪು ಹಾಕಿ” ಅಂದದ್ದು ಮರೆತು ನಾನೂ ಹಾಕಿ, ಅವರೂ ಹಾಕಿ, ಇಬ್ಬರೂ ರಾತ್ರಿ ಮೊಸರನ್ನ ತಿಂದೆವು. ಮರುದಿನ ಇದನ್ನು ಹೇಳಿದರೆ ಮೌಶಿ ಕುರ್ಚಿಯಿಂದ ಎದ್ದೇಬಿಟ್ಟರು. “ಅದ ತಪ್ಪು! ‘ಉಪ್ಪು ಹಾಕು’ ಅನಬಾರದು. ‘ಉಪ್ಪು ಇರಬೇಕು’ ಅನಬೇಕು. ಇದ್ರ ಸುಮ್ನಿರು, ಇಲ್ಲಂದ್ರ ಹಾಕು. ನನ್ನ ಸ್ಕ್ರಿಪ್ಟ್ ಹತ್ತು ಸಲ ಓಡಿಸಿದ್ರೂ ನಿಯಮ ಒಂದ ಸಲ ಕೂಡ್ತದ. ನಿನ್ನ ಬ್ಯಾಳಿ ಎರಡು ಸಲಕ್ಕ ಸಮುದ್ರ ಆತು!” ಅಂದಿನಿಂದ ನಮ್ಮ ಮನೆಯಲ್ಲಿ “ಹಾಲು ಕಾದಿರಬೇಕು”, “ಬಟ್ಟೆ ಒಣಗಿರಬೇಕು” ಎಂದು ಋಷಿಗಳು ಶಾಪ ಕೊಡುವ ಧಾಟಿಯಲ್ಲೇ ಮಾತು. ಗಂಡ ಒಮ್ಮೆ, “ಕಸ ಹೊರಗ ಹೋಗಿರಬೇಕು” ಎಂದು ಹೇಳಿ ಸೋಫಾದಲ್ಲಿ ಕೂತರು. ಕಸ ಎರಡು ದಿನ ಒಳಗೇ ಇತ್ತು.

ಹೊರಗೆ ಹೋದರೂ ಇದೇ ಪಾಡು. ಒಂದು ಭಾನುವಾರ ಪುಣೆ ಕ್ಯಾಂಪಿನ ಹಳೆಯ ಹೋಟೆಲೊಂದಕ್ಕೆ ಹೋಗಿದ್ದೆವು. ಮಾಣಿ ಬಂದ. ಮೌಶಿ ಗಂಭೀರವಾಗಿ, “ಆಧೀ ಕಾಹೀಚ ನಕೋ” ಅಂದರು. ಮೊದಲು ಏನೂ ಬೇಡ ಎಂದು! ಆಮೇಲೆ ಬೇಕಾದದ್ದನ್ನು ಹೇಳೋಣ ಎಂದು ಅವರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಮಾಣಿ ತಲೆಯಾಡಿಸಿ ಹೋಗಿಬಿಟ್ಟ. ಮತ್ತೆ ಆ ಕಡೆ ಸುಳಿಯಲೇ ಇಲ್ಲ. ಅರ್ಧ ಗಂಟೆ ನೀರು ಕುಡಿದು ಕೂತೆವು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಮೌಶಿಯ ಮುಖದಲ್ಲಿ ಮೆಚ್ಚುಗೆ! “ಶಾಣ್ಯಾ ಅದಾನ ನೋಡು. ಮೊದಲನೇ ನಿಯಮಕ್ಕ ನಿಂತಬಿಟ್ಟ” ಅಂದರು. ಕೊನೆಗೆ ನಾವೇ ಹೋಗಿ ಬೇರೆ ಕಡೆ ಬನ್ ಮಸ್ಕಾ ತಿಂದೆವು.

ಇನ್ನು ಅವರ ಒಣ ತಾಲೀಮು! ಯಾವ ಸ್ಕ್ರಿಪ್ಟನ್ನೂ ನೇರವಾಗಿ ಓಡಿಸುವಂತಿಲ್ಲ. ಮೊದಲು ‘ಓಡಿಸಿದ್ದರೆ ಏನಾಗುತ್ತಿತ್ತು’ ಎಂದು ಬರೀ ಓದಿಸಿ ನೋಡಬೇಕು. ಪುಣೆಯ ಹತ್ತಿರದ ಭೋರ್ ಎಂಬ ಊರಿನಲ್ಲಿ ನೆಂಟರ ಮಗುವಿನ ಹೆಸರಿಡುವ ಸಮಾರಂಭಕ್ಕೆ ಹೋಗಬೇಕಾಗಿತ್ತು. ಹಿಂದಿನ ದಿನವೇ ಮೌಶಿ ಸೂಟ್‌ಕೇಸ್ ಹಿಡಿದು, ನನ್ನನ್ನೂ ಎಳೆದುಕೊಂಡು ಇಳಿದರು. ರಿಕ್ಷಾ ನಿಲ್ಲಿಸಿ, ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಯಾವ ದಾರಿ, ಎಲ್ಲಿ ತಿರುಗುತ್ತೀಯ, ಎಷ್ಟು ಹೊತ್ತು ಎಂದು ರಿಕ್ಷಾದವನಿಂದ ಪೂರ್ತಿ ಪ್ರಯಾಣವನ್ನು ಬಾಯಲ್ಲೇ ಮಾಡಿಸಿದರು. ಅವನೂ ಪಾಪ ಹೇಳಿ ಮುಗಿಸಿ, ಮೀಟರಿಗೆ ಕೈ ಹಾಕಿದ. ಮೌಶಿ “ಬಸ್, ಝಾಲಂ”, ಸಾಕು, ಆಯಿತು ಎಂದು ಸೂಟ್‌ಕೇಸ್ ಎತ್ತಿಕೊಂಡು ತಿರುಗಿ ಮನೆ ಕಡೆ ನಡೆದರು! ಅವನು ಹಿಂದಿನಿಂದ ಕೂಗಿದ್ದು ನನಗೆ ಅರ್ಥವಾಗಲಿಲ್ಲ. ಮರಾಠಿ ಬಾರದೇ ಇದ್ದದ್ದಕ್ಕೆ ನಾನು ದೇವರಿಗೆ ಕೈಮುಗಿದದ್ದು ಅದೊಂದೇ ಸಲ.

ಆದರೆ ನನ್ನ ಅತ್ತೆ ಬಂದಾಗ ಆದದ್ದರ ಮುಂದೆ ಇದೆಲ್ಲ ಏನೂ ಅಲ್ಲ. ಅತ್ತೆ ಎಂದರೆ ಮೌಶಿಯ ಸ್ವಂತ ಅಕ್ಕ, ಪಟ್ಟಿಯಲ್ಲಿ ಏಳನೆಯವರು. ವಿಜಯಪುರದಿಂದ ಬಸ್ಸಿನಲ್ಲಿ ಬಂದು, ಎರಡು ಕೈಯಲ್ಲಿ ಎರಡು ಚೀಲ ಹಿಡಿದು, ತಂಗಿಯ ಮನೆ ಎಂದು ಗೇಟಿನಲ್ಲಿ ಹೇಳಿದರು. ಚೀಲದಲ್ಲಿ ಶೇಂಗಾ ಹೋಳಿಗೆ, ಕಟಕ ರೊಟ್ಟಿ, ಅಗಸಿ ಹಿಂಡಿ. ಶರಣಪ್ಪ ಅಡ್ಡ ನಿಂತ.

“ಚೀಲ ಇದ್ದವರನ್ನ ಬಿಡ್ಲಾಕ ಬರಂಗಿಲ್ರಿ ಅವ್ವಾರ.”

“ನಾ ಆಕಿ ಸ್ವಂತ ಅಕ್ಕನೋ! ಪಟ್ಟ್ಯಾಗ ನೋಡು!”

“ನೋಡೀನ್ರಿ. ಏಳನೇದು ನೀವ ಹೌದ್ರಿ. ಆದ್ರ ಮೂರನೇದು ಮೊದಲ ಬರ್ತೈತಲ್ರಿ.”

ಸದ್ದು ಕೇಳಿ ನಾನೂ ಮೌಶಿಯೂ ಕೆಳಗೆ ಓಡಿದೆವು. ಮೌಶಿ ಬಂದು ಅಕ್ಕನ ಕಾಲು ಮುಟ್ಟಿ ಕ್ಷಮೆ ಕೇಳಬಹುದು ಎಂದುಕೊಂಡೆ. ಅವರು ಶರಣಪ್ಪನ ಬೆನ್ನು ತಟ್ಟಿದರು! “ಬರೊಬ್ಬರಿ ಮಾಡಿ. ತಪ್ಪು ನಂದು. ಸಾಲು ಹಿಂದಮುಂದ ಆಗ್ಯಾವ” ಎಂದು ಅಲ್ಲೇ ಪೆನ್ನು ತೆಗೆದು ಮೂರನ್ನು ಕೆಳಗಿಳಿಸಿದರು. ಅತ್ತೆಯ ಮುಖ ಕೆಂಪಾಗಿತ್ತು. ಗೇಟಿನಲ್ಲಿ ತಡೆದದ್ದಕ್ಕೆಂದು ನಾನು ಭಾವಿಸಿದ್ದೆ. ಮೆಟ್ಟಿಲು ಹತ್ತುವಾಗ ನನ್ನ ಕಿವಿಯಲ್ಲಿ ಹೇಳಿದರು: “ಹುಟ್ಟಿದಾಗಿಂದ ಎತ್ತಿ ಆಡಿಸೀನಿ ಇಕಿನ್ನ. ನಾ ಏಳನೇದು, ಗ್ಯಾಸಿನಾಂವ ಎರಡನೇದು!”

ಏಳಾದರೂ ಇದ್ದೀರಲ್ಲ ಅತ್ತೆ ಎಂದು ಹೇಳಬೇಕೆನಿಸಿತು. ಅವರ ಕೈಯಿಂದ ಚೀಲ ಇಸಿದುಕೊಂಡೆ.

ಇದೆಲ್ಲ ಆದಮೇಲೆ, ಈಚೆಗೆ, ಒಂದು ಶುಕ್ರವಾರ ನೀರು ಶುದ್ಧ ಮಾಡುವ ಯಂತ್ರ ಮಾರುವವನೊಬ್ಬ ಬಂದ. ಗೇಟಿನಲ್ಲಿ, ನಾನು ಬಾಯಾರ, ಎಂದರೆ ಮೌಶಿಯ, ಅಳಿಯ ಎಂದು ನಗುಮುಖದಿಂದ ಹೇಳಿ, ಶರಣಪ್ಪನ ಹೆಗಲ ಮೇಲೆ ಕೈ ಹಾಕಿ, ಸೀದಾ ಎರಡನೇ ಮಹಡಿಗೆ ಹೋಗಿಬಿಟ್ಟ. ಮದುವೆಯೇ ಆಗದವರಿಗೆ ಅಳಿಯ ಎಲ್ಲಿಂದ ಬಂದ ಎಂದು ಶರಣಪ್ಪನಿಗೆ ಹೊಳೆಯಲಿಲ್ಲ. ಮೌಶಿ ಅವನನ್ನು ಸುಮ್ಮನೆ ಕೂತೇ ಓಡಿಸಿದರು, ಅದು ಬೇರೆ. ಆದರೆ ಸಂಜೆ ಗೇಟಿಗೆ ಇಳಿದು ಶರಣಪ್ಪನಿಗೆ ಪಾಠ ಮಾಡಿದರು, ನನ್ನೆದುರಿಗೇ. “ಇನ್ನ ಮುಂದ ಮುಖ ನೋಡಬ್ಯಾಡ. ಮಾತು ಕೇಳಬ್ಯಾಡ. ಪಟ್ಟಿ ಅಷ್ಟ ನೋಡು. ಪಟ್ಟ್ಯಾಗ ಹೆಸರಿಲ್ಲಂದ್ರ ಎರಡನೇ ಮಜಲಾಕ್ಕ ನನ್ನ ಮನಿಗೆ ಯಾರನ್ನೂ ಬಿಡ್ಬ್ಯಾಡ. ಪಟ್ಟಿ ಬದಲ ಮಾಡೂದಿದ್ರ ಒಳಗಿಂದ ಫೋನ್ ಬರಬೇಕು. ಹೊರಗ ನಿಂತು ಯಾರ ಹೇಳಿದ್ರೂ ಕೇಳಬ್ಯಾಡ, ನಾನ ಹೇಳಿದ್ರೂ ಕೇಳಬ್ಯಾಡ.” ಶರಣಪ್ಪ ಎಲ್ಲವನ್ನೂ ಎರಡು ಸಲ ಹೇಳಿ ಬಾಯಿಪಾಠ ಮಾಡಿಕೊಂಡ.

ಮರುದಿನ ಶನಿವಾರ. ಎಂದಿನಂತೆ ಹನ್ನೊಂದಕ್ಕೆ ಗಂಟೆ ಒತ್ತಿದೆ. ಪ್ರಶ್ನೆಯೇ ಬರಲಿಲ್ಲ! ಬಾಗಿಲು ತಾನೇ ತೆರೆಯಿತು. ಮೌಶಿ ಬಿಳುಚಿಕೊಂಡು ನಿಂತಿದ್ದರು.

“ಮುಚ್ಚಿಬಿಟ್ಟೆನವಾ” ಅಂದರು.

“ಏನನ್ನ ಮೌಶಿ?”

“ನಲವತ್ತೆರಡೂ.”

ಕೂರಿಸಿ, ನೀರು ಕೊಟ್ಟು, ವಿಷಯ ತಿಳಿದುಕೊಂಡೆ. ಮೂರು ವಾರ ಕೂತು ಹೊಸ ಸ್ಕ್ರಿಪ್ಟ್ ಬರೆದಿದ್ದರು. ಹಳೆಯದು ಒಂಬೈನೂರು ಸಾಲು, ಹೊಸದು ಬರೀ ತೊಂಬತ್ತು. ಮೊದಲ ಸಾಲು: ಎಲ್ಲ ಬಾಗಿಲೂ ಮುಚ್ಚಲಿ. ಎರಡನೇ ಸಾಲು: ನನಗೆ ತೆರೆಯಲಿ. ಒಣ ತಾಲೀಮಿನಲ್ಲಿ ತೊಂಬತ್ತೂ ಸಾಲು ಸರಿಯಾಗಿ ಓದಿಕೊಂಡಿದ್ದವು. ಓದುವಾಗ ಬಾಗಿಲು ನಿಜವಾಗಿ ಮುಚ್ಚುವುದಿಲ್ಲವಲ್ಲ! ಈ ಬೆಳಗ್ಗೆ ಮನೆಯಿಂದಲೇ ಗುಂಡಿ ಒತ್ತಿದ್ದಾರೆ. ಮೊದಲ ಸಾಲು ಓಡಿತು, ಎಲ್ಲ ಬಾಗಿಲೂ ಮುಚ್ಚಿದವು, ಅದರ ಜೊತೆ ಮನೆಯಿಂದ ಮಾತಾಡುತ್ತಿದ್ದ ಮೌಶಿಯ ಮುಖದ ಮೇಲೂ ಮುಚ್ಚಿತು. ಎರಡನೇ ಸಾಲು ಹೇಳುವುದಕ್ಕೆ ಒಳಗೆ ಯಾರೂ ಇಲ್ಲ!

“ಅಯ್ಯೋ, ಒಳಗಿನ ಬಿಡಾರದವರು?”

“ಅವರಿಗೇನಾಗೇದ? ಆರಾಮ ಅದಾರ. ಮಾಲಕೀನ ಹೊರಗ ಅದಾಳ.”

“ಹಿತ್ತಲ ಬಾಗಿಲು ಅಂತ ಏನೂ ಇರಲ್ವಾ?”

“ಇತ್ತು. ಹ್ವಾದ ತಿಂಗಳ ನಾನ ಮುಚ್ಚಿಸೀನಿ.” ಇಷ್ಟು ಹೇಳಿ, ಆ ದುಃಖದಲ್ಲೂ ಪರದೆಯ ಕಡೆ ತಿರುಗಿ, “ಆದ್ರೂ ನೋಡು ಹೆಂಗ ಮುಚ್ಚೇದ! ಒಂದ ಕೂದಲೆಳಿ ಒಳಗ ಹೋಗೂದಿಲ್ಲ” ಅಂದರು.

ಉಳಿದ ದಾರಿ ಒಂದೇ. ಯಂತ್ರಗಳಿರುವ ಕೋಣೆಗೆ ಹೋಗಿ, ಒಂದೊಂದರ ಎದುರಿಗೂ ನಿಂತು, ಕೈಯಾರೆ ತೆರೆಯಬೇಕು. ಆದರೆ ಆ ಕೋಣೆಯೊಳಗೆ ಒಬ್ಬರೇ ಹೋಗುವಂತಿಲ್ಲ, ಇಬ್ಬರಿರಬೇಕು. ಆ ನಿಯಮ ಬರೆದವರು ಯಾರು? ಕೇಳಬೇಕೇ! ರಜೆಯ ದಿನ ಸಹೋದ್ಯೋಗಿಗಳು ಯಾರೂ ಊರಲ್ಲಿಲ್ಲ. ಮೌಶಿ ಮೇಲಿನವರಿಗೆ ಫೋನ್ ಮಾಡಿ, ಮನೆಯ ಹುಡುಗಿಯೊಬ್ಬಳನ್ನು ಜೊತೆಗೆ ಕರೆತರುತ್ತೇನೆ, ಯಂತ್ರಗಳನ್ನು ಮುಟ್ಟುವುದಿಲ್ಲ ಎಂದು ಒಪ್ಪಿಗೆ ಪಡೆದರು. ಇಬ್ಬರೂ ಪುಣೆಯ ಹೆಂಗಸರ ಪದ್ಧತಿಯಂತೆ ಕಣ್ಣೊಂದು ಬಿಟ್ಟು ಮುಖವಿಡೀ ಸ್ಕಾರ್ಫ್ ಸುತ್ತಿಕೊಂಡು ಮೌಶಿಯ ಸ್ಕೂಟಿಯಲ್ಲಿ ಹೊರಟೆವು.

ಅಲ್ಲಿಯ ಕಾವಲುಗಾರ ನನ್ನನ್ನು ಒಂದೇ ಸಹಿಗೆ ಒಳಗೆ ಬಿಟ್ಟ. ನನಗೆ ಆಶ್ಚರ್ಯ! ಕೋಟಿ ಬಾಳುವ ಯಂತ್ರಗಳ ಕೋಣೆಗೆ ಒಂದು ಸಹಿ, ಮೌಶಿಯ ಪಟ್ಟಿಗೆ ಎರಡು ವರ್ಷವಾದರೂ ಇಲ್ಲ! ಒಳಗೆ ಮೈ ನಡುಗುವ ಚಳಿ, ನೂರಾರು ಫ್ಯಾನುಗಳ ಗದ್ದಲ. ಚಕ್ರದ ಮೇಜಿನ ಮೇಲೆ ಒಂದು ಪರದೆ, ಒಂದು ಕೀಬೋರ್ಡು. ನಾನು ಮೇಜು ತಳ್ಳುವುದು, ಮೌಶಿ ತಂತಿ ಜೋಡಿಸಿ ಟೈಪ್ ಮಾಡುವುದು, ನಾನು ಕಾಗದದ ಮೇಲೆ ಗುರುತು ಹಾಕುವುದು. ಪ್ರತಿಯೊಂದು ಯಂತ್ರವೂ ಮೊದಲು ಯಾರು ನೀನು ಎಂದು ಕೇಳುತ್ತಿತ್ತು. ಹೆಸರು ಕೊಟ್ಟರೆ ಗುಪ್ತಪದ ಕೇಳುತ್ತಿತ್ತು. ಅದನ್ನೂ ಕೊಟ್ಟರೆ ಇನ್ನೊಂದು ಸಂಖ್ಯೆ ಕೇಳುತ್ತಿತ್ತು. ಹದಿನೇಳನೆಯದರ ಹೊತ್ತಿಗೆ ಮೌಶಿಗೆ ರೇಗಿತು. “ಎಷ್ಟ ಕೇಳ್ತದವಾ ಇದು! ನನ್ನ ಗುರ್ತ ಇಲ್ಲೇನ ಇದಕ್ಕ?” ಎಂದು ಕಿರುಚಿದರು. ನಾನು ಕಾಗದದ ಮೇಲೆ ಹದಿನೇಳರ ಮುಂದೆ ಗುರುತು ಹಾಕಿದೆ.

ನಲವತ್ತೆರಡನೆಯದು ತೆರೆದಾಗ ಐದು ಗಂಟೆ ದಾಟಿತ್ತು. ಮೌಶಿ ಆ ಯಂತ್ರದ ತಲೆ ಸವರಿದರು. ಬೆಳಗ್ಗೆ ಬಿಳುಚಿದ್ದ ಮುಖಕ್ಕೆ ಮತ್ತೆ ಬಣ್ಣ ಬಂದಿತ್ತು. ಸ್ಕೂಟಿಯಲ್ಲಿ ದಾರಿಯುದ್ದಕ್ಕೂ ಕನ್ನಡದಲ್ಲಿ ಹಾಡು ಗುನುಗಿದರು. ನನಗೂ ಖುಷಿ. ಅಷ್ಟು ಹೊತ್ತು ಒಂದೇ ಸಮನೆ ಕನ್ನಡ ಮಾತಾಡಿ ನನಗೆ ಎಷ್ಟೋ ದಿನವಾಗಿತ್ತು.

ಸೊಸೈಟಿಯ ಗೇಟಿಗೆ ಬಂದಾಗ ಶರಣಪ್ಪ ಕೈ ಅಡ್ಡ ಹಿಡಿದ.

“ಯಾರ ಮನಿಗ್ರಿ?”

ನಾನು ಸ್ಕಾರ್ಫ್ ಬಿಚ್ಚಿದೆ, ಮೌಶಿಯೂ ಬಿಚ್ಚಿದರು. “ನಾನೋ ಶರಣಪ್ಪಾ! ನನ್ನ ಮನಿಗೆ, ಎರಡನೇ ಮಜಲಾ.”

ಶರಣಪ್ಪ ಅವರ ಮುಖ ನೋಡಲಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟು ಒಂದರಿಂದ ಕೊನೆಯವರೆಗೆ ಇಳಿದ. “ಪಟ್ಟ್ಯಾಗ ನಿಮ್ಮ ಹೆಸರಿಲ್ರಿ ಬಾಯಾರ.”

“ಪಟ್ಟಿ ಬರದಾಕಿ ನಾನೋ!”

“ಹೌದ್ರಿ. ಆದ್ರ ಮುಖ ನೋಡಬ್ಯಾಡ, ಮಾತು ಕೇಳಬ್ಯಾಡ, ನಾನ ಹೇಳಿದ್ರೂ ಕೇಳಬ್ಯಾಡ ಅಂತ ನೀವ ಹೇಳೀರಿ. ನಿನ್ನೆ ಹೇಳೀರಿ. ಈ ಅಕ್ಕಾರ ಮುಂದ ಹೇಳೀರಿ.”

ಮೌಶಿ ಬಾಯಿ ತೆರೆದರು. ಬೈಗುಳ ಮರಾಠಿಯಲ್ಲಿ ಬರುತ್ತದೋ ಕನ್ನಡದಲ್ಲೋ ಎಂದು ನಾನು ಕಾದೆ. “ಬರೊಬ್ಬರಿ ಅದ” ಅಂದರು ಸಣ್ಣಗೆ. ಒಂದೇ ದಿನದಲ್ಲಿ ಎರಡನೇ ಸಲ ತಮ್ಮದೇ ನಿಯಮಕ್ಕೆ ಹೊರಗೆ ನಿಂತಿದ್ದರು!

ನಾನು ಮುಂದೆ ಬಂದೆ. ಮೂರನೇ ಮಹಡಿಗೆ ಪಟ್ಟಿ ಇಲ್ಲ, ನಮ್ಮದು ಬಡವರ ಮನೆ. “ಇವರು ನಮ್ಮನೆಗೆ ಬಂದಿರೋ ನೆಂಟರು ಶರಣಪ್ಪ” ಅಂದೆ. ಅವನು ತಕ್ಷಣ ರಿಜಿಸ್ಟರ್ ಚಾಚಿದ. ಹೆಸರು, ಎಲ್ಲಿಂದ, ಯಾರ ಮನೆಗೆ, ಏನು ಕೆಲಸ. ಕೊನೆಯ ಕಾಲಂನಲ್ಲಿ ‘ಚಹಾ’ ಎಂದು ಬರೆದೆ. ಮೌಶಿ ಕೆಳಗೆ ಸಹಿ ಮಾಡಿದರು.

ಎರಡನೇ ಮಹಡಿ ಬಂತು. ಮೌಶಿ ತಮ್ಮ ಬಾಗಿಲನ್ನು ತಿರುಗಿಯೂ ನೋಡದೆ ಮೆಟ್ಟಿಲು ಹತ್ತತೊಡಗಿದರು.

“ಮೌಶಿ, ಬೀಗದ ಕೈ ನಿಮ್ಮ ಹತ್ರಾನೇ ಇದೆ. ಯಾರು ನೋಡ್ತಾರೆ?”

“ರಿಜಿಸ್ಟರದಾಗ ಮೂರನೇ ಮಜಲಾ ಅಂತ ಅದ” ಎಂದು ಹೇಳಿ ಹತ್ತುತ್ತಲೇ ಹೋದರು.

ನಮ್ಮ ಮನೆಯಲ್ಲಿ ಚಹಾ ಕುಡಿದು, ಇಂಟರ್‌ಕಾಮ್ ಎತ್ತಿಕೊಂಡು ಗೇಟಿಗೆ ಹಚ್ಚಿದರು. ಒಳಗಿನಿಂದ ಬಂದ ಫೋನು, ನಿಯಮಕ್ಕೆ ಸರಿ. “ಬರಕೋ ಶರಣಪ್ಪಾ. ಹೊಸಾ ಪಟ್ಟಿ. ಒಂದನೇದು, ನಾನು.”

“ನಾನು ಅಂದ್ರ ಯಾರ್ರಿ?” ಎಂದು ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸಿತು. ಮೌಶಿ ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು ಸಹಿತ, ಅಕ್ಷರ ಅಕ್ಷರ ಬಿಡಿಸಿ ಹೇಳಿದರು.

ಆಗ ನನಗೆ ಏನಾಯಿತೋ. ತಮಾಷೆಯಾಗಿ ಕೇಳಬೇಕೆಂದು ಹೊರಟೆ, ಬಾಯಿಂದ ಬಂದದ್ದು ಮಾತ್ರ ಬೇಡಿಕೆಯೇ ಆಗಿಬಿಟ್ಟಿತು. “ಮೌಶಿ, ಎರಡನೇದು ನನ್ನ ಹೆಸರು ಹಾಕ್ತೀರಾ?”

ಮೌಶಿ ಫೋನಿಗೆ ಕೈ ಅಡ್ಡ ಹಿಡಿದರು. “ನಿನ್ನ ಹೆಸರು ಇಲ್ಲೇನು ಅದರಾಗ?”

“ಇಲ್ಲ. ಎರಡು ವರ್ಷದಿಂದ ಇಲ್ಲ.”

“ಖರೇನ?”

ಚೀಲದಿಂದ ಪಟ್ಟಿಯ ನಕಲು ತೆಗೆದು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಪಟ್ಟಿ ಬರಿಯೂ ಮುಂದ ಯಾರ್ಯಾರು ಬರ್ತಾರ ಅಂತ ಕೂತು ನೆನಸ್ತೀನವಾ. ಅಕ್ಕ ವರ್ಷಕ್ಕೊಮ್ಮೆ ಬರ್ತಾಳ. ನಿನ್ನ ಗಂಡ ಹಬ್ಬಕ್ಕ ಬರ್ತಾನ. ಗ್ಯಾಸಿನಾಂವ ತಿಂಗಳಿಗೊಮ್ಮೆ ಬರ್ತಾನ. ನೀ ಬರ್ತಿ ಅಂತ ನನಗ ಅನಿಸೇ ಇಲ್ಲ ನೋಡು. ಹನ್ನೊಂದಾತಂದ್ರ ನೀ ಇರ್ತಿ, ಅಷ್ಟ. ನನ್ನ ಹೆಸರು ಹೆಂಗ ಬಿಟ್ಟಿತೋ ನಿಂದೂ ಹಂಗ ಬಿಟ್ಟದ.” ನನ್ನ ಕೈ ಹಿಡಿದುಕೊಂಡರು. “ತಪ್ಪಾತು. ಹಾಕ್ತೀನಿ ತಡಿ. ಎಷ್ಟನೇದು ಬೇಕು ಹೇಳು. ಡಾಕ್ಟರನ್ನ ಕೆಳಗ ಸರಸ್ತೀನಿ.”

ಫೋನಿನಲ್ಲಿ ಶರಣಪ್ಪ ಕಾಯುತ್ತಿದ್ದ. “ಎರಡನೇದು ಯಾರ್ರಿ ಬಾಯಾರ?” ಎಂದು ಕೇಳಿದ. ಮೌಶಿ ನನ್ನ ಕಡೆ ನೋಡಿದರು. ನನ್ನ ಕಣ್ಣು ತುಂಬಿ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

“ಬ್ಯಾಡ್ರಿ ಮೌಶಿ,” ಅಂದೆ, “ಅದು ಬರೋರ ಪಟ್ಟಿ. ನನ್ನ ಹೆಸರು ಬರೀಬ್ಯಾಡ್ರಿ.”